ಹೊರೆಕಾಣಿಕೆ ಟೆಂಪೋದ ಮುಂದೆ

ಡೊಂಬಿವಲಿ ಪಶ್ಚಿಮ
೧೯ ನವೆಂಬರ್ ೨೦೨೫

ಅಣ್ಣನಿಗೆ ಲೋಲಾಕ್ಷಿಯ ನಮಸ್ಕಾರ.

ನಿನ್ನೆ ಮಧ್ಯಾಹ್ನ ಊಟ ಮಾಡಿ ಹತ್ತು ನಿಮಿಷ ಅಡ್ಡ ಬಿದ್ದವಳಿಗೆ ಕೆಟ್ಟ ಕನಸು ಬಿತ್ತು. ಭಜನಾ ಮಂಡಳಿಯ ಹಾಲಿನಲ್ಲಿ ಊಟಕ್ಕೆ ಎರಡು ಪಂಕ್ತಿ ಕೂತಿದೆ. ಎರಡರಲ್ಲೂ ನನಗೆಂದು ಎಲೆ ಹಾಕಿ ಅನ್ನ ಬಡಿಸಿದ್ದಾರೆ. ಈಚೆಯಿಂದ ಅನಸೂಯಕ್ಕ ಕರೆಯುತ್ತಾರೆ, ಆಚೆಯಿಂದ ನಿನ್ನ ಶೇಖರ ಶೇಟ್ರು ಕರೆಯುತ್ತಾರೆ. ನಾನು ನೀರಿನ ಜಗ್ಗು ಹಿಡಿದುಕೊಂಡು ನಡುವೆ ನಿಂತಿದ್ದೇನೆ. ನಾನು ಕೂತ ಮೇಲೆಯೇ ಎಲ್ಲರೂ ಊಟಕ್ಕೆ ಕೈ ಹಾಕುವುದಂತೆ. ಸಾರು ತಣಿಯಿತು, ನಾನು ಕೂರಲಿಲ್ಲ, ಕೊನೆಗೆ ಎರಡೂ ಕಡೆಯವರು ಎದ್ದು ಹೋದರು. ಮಧ್ಯಾಹ್ನದ ಕನಸಿಗೆ ಬೆಲೆ ಇಲ್ಲವೆಂದು ಅಮ್ಮ ಹೇಳುತ್ತಿದ್ದರು. ಅಥವಾ ಮಧ್ಯಾಹ್ನದ್ದೇ ನಿಜವಾಗುವುದು ಎಂದಿದ್ದರೋ, ಈಗ ಸರಿಯಾಗಿ ನೆನಪಿಲ್ಲ. ನಿನಗೆ ನೆನಪಿದ್ದರೆ ಬರೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ನಗಬಹುದು. ಚೌತಿಯ ಸಮಯದಲ್ಲಿ ನಿನಗೆಂದು ಮಾತಾಡಿ ಕಳಿಸಿದ್ದು ಮಂಡಳಿಯ ಗ್ರೂಪಿಗೆ ಹೋಗಿ ಅರ್ಧ ಡೊಂಬಿವಲಿ ನನ್ನ ಸ್ವರ ಕೇಳಿತಲ್ಲ, ಅಂದಿನಿಂದ ಮನಸ್ಸಿನ ಮಾತಿಗೆ ನನಗೆ ಆ ಫೋನು ಬೇಡ. ಐದನೆಯದಕ್ಕೆ ಶಾಲೆ ಬಿಟ್ಟವಳಿಗೆ ಅಕ್ಷರ ತಿದ್ದಿಸಿದ್ದು ನೀನೇ. ತಪ್ಪಿದ್ದಲ್ಲಿ ಸರಿ ಮಾಡಿಕೊಂಡು ಓದು.

ವಿಷಯ ಹೀಗೆ. ಬರುವ ಮಹಾಪಾಲಿಕೆ ಚುನಾವಣೆಗೆ ನಮ್ಮ ವಾರ್ಡಿನಲ್ಲಿ ಪಕ್ಷದ ಟಿಕೆಟ್ ಕೇಳಿದವರು ಇಬ್ಬರು, ಇಬ್ಬರೂ ನಮ್ಮ ಹಾಗೆ ಊರಿನಿಂದ ಮುಂಬಯಿ ಕಡೆಗೆ ಬಂದವರೇ. ಒಬ್ಬರು ನೀನು ದುಡಿಯುವ ಹೋಟೆಲಿನ ಧಣಿ ಶೇಖರ ಶೇಟ್ರು. ಇನ್ನೊಬ್ಬರು ಚಪಾತಿ ಪಲ್ಯ ಮಾಡಿ ಮಾರುವ ನಮ್ಮ ಪೋಳಿಭಾಜಿ ಕೇಂದ್ರದ ಒಡತಿ ಅನಸೂಯಕ್ಕ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಮುನಿಯುತ್ತಾರೆಂದು ಮೇಲಿನವರು ಈ ಸಲ ಹೊಸ ಕ್ರಮ ಮಾಡಿದ್ದಾರೆ. ವಾರ್ಡಿನಲ್ಲಿ ಪಕ್ಷದ ಸದಸ್ಯರಾದವರೇ ಚೀಟಿ ಹಾಕಿ ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕು. ಡಿಸೆಂಬರ್ ಹದಿನಾಲ್ಕು, ಭಾನುವಾರ. ನಾಲ್ಕು ವರ್ಷದ ಹಿಂದೆ ಅಕ್ಕ ನಮ್ಮ ಅಡುಗೆಮನೆಯ ಐದೂ ಹೆಂಗಸರಿಂದ ಸದಸ್ಯರ ಅರ್ಜಿ ತುಂಬಿಸಿದ್ದರು. ಅದು ಹೀಗೆ ಕೊರಳಿಗೆ ಬರುತ್ತದೆಂದು ನನಗೇನು ಗೊತ್ತು.

ಅಕ್ಕನಿಗೆ ಮಾತು ಕೊಟ್ಟಾಗಿದೆ. ಅವರ ಒಲೆಯ ಮುಂದೆ ಹನ್ನೆರಡು ವರ್ಷ ಚಪಾತಿ ಲಟ್ಟಿಸಿದ್ದೇನೆ. ಯಜಮಾನರು ಕೆಲಸಕ್ಕಿದ್ದ ಕ್ಯಾಂಟೀನ್ ಮುಚ್ಚಿ ಇವರಿಗೆ ಆರು ತಿಂಗಳು ಕೆಲಸವಿಲ್ಲದಿದ್ದಾಗ ನಮ್ಮ ಮನೆಗೆ ದಿನಾ ಭಾಜಿ ಬಂದದ್ದು ಅಲ್ಲಿಂದ. ಆದರೆ ನೀನು ಉಣ್ಣುವುದು ಶೇಟ್ರ ಅನ್ನ. ನನ್ನಿಂದ ನಿನಗೆ ಏನಾದರೂ ಆದರೆ? ಇವರು ನನಗೆ ಮಾಡಲು ಬೇರೆ ಕೆಲಸವಿಲ್ಲ ಎನ್ನುತ್ತಾರೆ. ನನಗೆ ಟಿಕೆಟ್ ಯಾರಿಗೆ ಸಿಕ್ಕಿದರೂ ಒಂದೇ ಅಣ್ಣ. ಅಕ್ಕನ ಕಣ್ಣಿನಲ್ಲಿ ನಾನು ಸುಳ್ಳಿ ಆಗಬಾರದು, ಇಷ್ಟೇ. ಏನು ಮಾಡಲಿ, ಬೇಗ ಬರೆ.

ನಿನ್ನ ತಂಗಿ
ಲೋಲಾಕ್ಷಿ


ನೆರೂಳ
೨೫ ನವೆಂಬರ್ ೨೦೨೫

ತಂಗಿ ಲೋಲಾಕ್ಷಿಗೆ ಹರಿಶ್ಚಂದ್ರ ಬರೆಯುವುದು.

ಕಾಗದ ಮುಟ್ಟಿತು. ಪೋಸ್ಟ್‌ಮ್ಯಾನ್ ಹೋಟೆಲಿನ ದುಡ್ಡಿನ ಗಲ್ಲೆಯ ಮೇಲೆ ಇಟ್ಟಾಗ ಕೋರ್ಟಿನ ನೋಟೀಸು ಎಂದು ಎಲ್ಲರೂ ಹೆದರಿದರು. ಅಮ್ಮ ಕನಸಿನ ಬಗ್ಗೆ ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ನಿನಗೆ ಆ ಸಮಯದಲ್ಲಿ ಹಸಿವೆ ಇದ್ದಿರಬೇಕು.

ನನ್ನ ಚಿಂತೆ ಬಿಡು. ಶೇಟ್ರು ನನ್ನ ಹತ್ತಿರ ಓಟಿನ ಮಾತು ತೆಗೆಯುವುದಿಲ್ಲ. ಅವರಿಗೆ ಬೇರೆ ಕೆಲಸ ಸಾಕಷ್ಟಿದೆ. ನೀನು ಯಾರ ಪರವೂ ಮಾತಾಡಲು ಹೋಗಬೇಡ, ಚಪಾತಿ ಲಟ್ಟಿಸಿ ಮನೆಗೆ ಬಾ. ಮೂವತ್ತಕ್ಕೆ ಮಂಡಳಿಯ ಮಂಗಳೋತ್ಸವವಲ್ಲವೇ, ಊಟಕ್ಕೆ ಅಕ್ಕಿ, ತರಕಾರಿ ತುಂಬಿದ ಹೊರೆಕಾಣಿಕೆಯ ಟೆಂಪೋ ನಿಮ್ಮ ಚಾಳಿನ ಮುಂದೆ ಬರುತ್ತದೆ. ಅಮ್ಮ ಮಾಡುತ್ತಿದ್ದ ಹಾಗೆ ದೀಪ ಹಚ್ಚಿಕೊಂಡು, ತೆಂಗಿನಕಾಯಿ ಇಟ್ಟು ನಾಲ್ಕು ಹೆಜ್ಜೆ ಮುಂದೆ ನಡೆ. ದೇವರ ಕೆಲಸ ಮಾಡಿದರೆ ಮನಸ್ಸು ಹಗುರವಾಗುತ್ತದೆ. ಅದನ್ನು ತಪ್ಪಿಸಬೇಡ.

ಹರಿಶ್ಚಂದ್ರ


ಡೊಂಬಿವಲಿ ಪಶ್ಚಿಮ
೨ ಡಿಸೆಂಬರ್ ೨೦೨೫

ಅಣ್ಣ,

ನಾನು ಮುಳುಗಿದೆ. ಎಲ್ಲಿಂದ ಹೇಳಬೇಕೋ ತಿಳಿಯುತ್ತಿಲ್ಲ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಟೆಂಪೋ ಬಂತು. ಎಂದಿನಂತೆ ಮಾವಿನ ತೋರಣ, ತೆಂಗಿನ ಗರಿ, ಒಳಗೆ ಕುಂಬಳಕಾಯಿ, ಸೌತೆ, ಬಾಳೆಗೊನೆ, ಅಕ್ಕಿಯ ಗೋಣಿ. ಚೆಂಡೆಯವರೂ ಇದ್ದರು. ನಮ್ಮ ಚಾಳಿನ ಬಾಗಿಲಲ್ಲೇ ನಿಂತು ಹಾರ್ನ್ ಹಾಕುತ್ತಲೇ ಇತ್ತು. ದೇವರ ಸಾಮಾನು ಮನೆ ಮುಂದೆ ನಿಂತಿರುವಾಗ ಒಳಗೆ ಕೂರುವುದು ಹೇಗೆ? ದೀಪ ಹಚ್ಚಿ, ತಟ್ಟೆಯಲ್ಲಿ ಕಾಯಿ, ಅಕ್ಕಿ ಇಟ್ಟುಕೊಂಡು ಓಡಿದೆ. ಡ್ರೈವರ್ ಮಾಪಣ್ಣ, ವಿಠ್ಠಲವಾಡಿಯವನು, ನಿನಗೂ ಗೊತ್ತಿರಬೇಕು, ಕಿಟಕಿಯಿಂದ ತಲೆ ಹಾಕಿ, "ಅಕ್ಕ, ನೀವು ಮುಂದೆ ನಡೀರಿ, ದೀಪ ಮುಂದೆ ಇರ್ಲಿ" ಎಂದ. ನಡೆದೆ. ಮೂಲೆಯವರೆಗೆ ಹೋಗಿ ತಿರುಗುವವಳಿದ್ದೆ. ಅಷ್ಟರಲ್ಲಿ ದೀಪ ಕಂಡು ಹತ್ತು ಹನ್ನೆರಡು ಹೆಂಗಸರು ಹಿಂದೆ ಸೇರಿಕೊಂಡರು. ನಡುದಾರಿಯಲ್ಲಿ ದೀಪ ಕೆಳಗಿಡುವುದುಂಟೇ? ಮಂಡಳಿಯ ಹಾಲಿನವರೆಗೂ ಹೋದೆ.

ಪ್ರತಿ ವರ್ಷ ಮಂಡಳಿಯದು ಒಂದೇ ಟೆಂಪೋ. ಈ ವರ್ಷ ಎರಡು ಹೊರಟಿದ್ದವು, ಒಂದು ಶೇಟ್ರದ್ದು, ಒಂದು ಅನಸೂಯಕ್ಕನದ್ದು. ನನಗೆ ಯಾರೂ ಹೇಳಲಿಲ್ಲ. ಶೇಟ್ರ ಬ್ಯಾನರ್ ಟೆಂಪೋದ ಹಿಂದೆ ಕಟ್ಟಿತ್ತು, ನಾನು ಮುಂದೆ ಇದ್ದೆ. ನೋಡುವುದು ಹೇಗೆ, ನೀನೇ ಹೇಳು.

ಹಾಲಿನಲ್ಲಿ ಸಾಮಾನು ಎರಡು ರಾಶಿಯಾಗಿ ಇಳಿಯಿತು. ಬೆರೆಸಬಾರದಂತೆ, ಯಾರದ್ದು ಎಷ್ಟು ಎಂದು ಜನಕ್ಕೆ ಕಾಣಬೇಕಂತೆ. ಅಡುಗೆಯ ಭಟ್ಟರು ಸಾಂಬಾರಿಗೆ ಯಾರ ಕುಂಬಳ ಹೆಚ್ಚಲಿ ಎಂದು ಕೇಳಿದರು. ಹಿಂದಿನಿಂದ ಯಾರೋ, "ಅರ್ಧರ್ಧ ಹಾಕಿ ಭಟ್ರೇ, ಇಲ್ಲದಿದ್ರೆ ಒಂದು ಪಕ್ಷ ಉಪವಾಸ" ಎಂದರು. ಆಗ ನಗು ಬಂತು. ಭಜನೆಗೆ ಕೂತಾಗ ಬರಲಿಲ್ಲ. ಒಂದು ಕಡೆಯವರು ಹಾಡಿದರೆ ಇನ್ನೊಂದು ಕಡೆಯವರು ಪಲ್ಲವಿ ಎತ್ತಿಕೊಳ್ಳಲಿಲ್ಲ, ತಾಳ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತರು. ಇಪ್ಪತ್ತು ವರ್ಷದಲ್ಲಿ ಹೀಗೆ ಆಗಿಲ್ಲ.

ಸೋಮವಾರ ರಿಕ್ಷಾ ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್. ಮೇಲೆ ಶೇಟ್ರು ಕೈಮುಗಿದಿದ್ದಾರೆ, ಕೆಳಗೆ ನಾನು ದೀಪ ಹಿಡಿದಿದ್ದೇನೆ. ತಾಯಂದಿರ ಆಶೀರ್ವಾದ ಶೇಖರಣ್ಣನಿಗೆ ಎಂದು ಬರೆದಿದೆ. ನನ್ನ ಮೋರೆ ಕುಂಬಳಕಾಯಿಯಷ್ಟು ದೊಡ್ಡದಾಗಿದೆ.

ಕೇಂದ್ರದ ಅಡುಗೆಮನೆಗೆ ಹೋದರೆ ನನ್ನ ಜೊತೆ ಲಟ್ಟಿಸುವ ಬಾಲಮ್ಮ, "ಫೋಟೋದಲ್ಲಿ ಚಂದ ಬಂದಿದ್ದಿ ಮಾರಾಯ್ತಿ, ಸೀರೆ ಮಾತ್ರ ಅನಸೂಯಕ್ಕ ಕೊಟ್ಟದ್ದು" ಎಂದಳು. ಹೌದು ಅಣ್ಣ, ದೀಪಾವಳಿಗೆ ಅಕ್ಕ ಕೊಟ್ಟ ಸೀರೆಯೇ. ಅಕ್ಕ ನನ್ನ ಲಟ್ಟಣಿಗೆಯನ್ನು ವಾರಿಜಾಳ ಕೈಗೆ ಕೊಟ್ಟು, ನನ್ನ ಮುಂದೆ ಬೆಳ್ಳುಳ್ಳಿಯ ಬುಟ್ಟಿ ಇಟ್ಟರು. ವಾರಿಜಾ ಲಟ್ಟಿಸಲು ಕಲಿತು ಇನ್ನೂ ವರ್ಷವಾಗಿಲ್ಲ. ಇಡೀ ದಿನ ಬೆಳ್ಳುಳ್ಳಿ ಸುಲಿದೆ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಆ ಫೋಟೋ ತೆಗೆದವರು ಯಾರು, ಹಾಕಿಸಿದವರು ಯಾರು ಎಂದು ನಿನ್ನ ಶೇಟ್ರ ಹತ್ತಿರ ಮೆಲ್ಲಗೆ ಕೇಳು. ನಿನ್ನ ಮಾತಿಗೆ ತೆಗೆಸಿಯಾರು. ನಿನ್ನನ್ನು ಬಿಟ್ಟರೆ ನನಗೆ ಆ ಕಡೆ ಯಾರಿದ್ದಾರೆ?

ಲೋಲಾಕ್ಷಿ


ನೆರೂಳ
೬ ಡಿಸೆಂಬರ್ ೨೦೨೫

ತಂಗಿಗೆ,

ಶೇಟ್ರು ದಿನಾ ಠಾಣೆ, ಕಲ್ಯಾಣ ಎಂದು ಓಡಾಡುತ್ತಿದ್ದಾರೆ, ಮಾತಿಗೆ ಸಿಗುವುದಿಲ್ಲ. ಫ್ಲೆಕ್ಸ್ ಹೇಗೂ ಹದಿನಾಲ್ಕರ ನಂತರ ಇಳಿಸುತ್ತಾರೆ. ಒಂದು ಫೋಟೋದಿಂದ ಯಾರಿಗೆ ಏನು ನಷ್ಟ? ಬೆಳ್ಳುಳ್ಳಿ ಸುಲಿದರೆ ಕೂಲಿ ಕಡಿಮೆಯಾಗುವುದಿಲ್ಲವಲ್ಲ.

ನನ್ನ ಮಾತು ಕೇಳು. ಹದಿನಾಲ್ಕಕ್ಕೆ ನೀನು ಚೀಟಿ ಹಾಕಲು ಹೋಗಬೇಡ, ಜ್ವರವೆಂದು ಮಲಗು. ಆಗ ಯಾರಿಗೂ ಏನೂ ಹೇಳಲಿಕ್ಕಿಲ್ಲ.

ಹೇಳಲು ಮರೆತೆ, ಜನವರಿಯಿಂದ ಇಲ್ಲಿ ನನ್ನನ್ನು ಮ್ಯಾನೇಜರ್ ಮಾಡುತ್ತಾರಂತೆ. ಹತ್ತೊಂಬತ್ತು ವರ್ಷ ಆಯಿತಲ್ಲ, ಅದಕ್ಕೆ. ಇದಕ್ಕೂ ಅದಕ್ಕೂ ಸಂಬಂಧ ಕಟ್ಟಬೇಡ.

ಹರಿಶ್ಚಂದ್ರ


ಡೊಂಬಿವಲಿ ಪಶ್ಚಿಮ
೯ ಡಿಸೆಂಬರ್ ೨೦೨೫

ಅಣ್ಣ,

ಮ್ಯಾನೇಜರ್ ಆಗುವ ಸುದ್ದಿ ಓದಿ ದೇವರ ಮುಂದೆ ತುಪ್ಪದ ದೀಪ ಇಟ್ಟೆ. ಸಂಬಂಧ ನಾನು ಕಟ್ಟಿರಲಿಲ್ಲ. ನೀನು ಬರೆದ ಮೇಲೆ ಅದೇ ತಲೆಯಲ್ಲಿ ತಿರುಗುತ್ತಿದೆ.

ನಿನ್ನೆ ಮಾಪಣ್ಣ ನಮ್ಮ ಬೀದಿಗೆ ತರಕಾರಿ ತಂದಿದ್ದ. ಅಷ್ಟು ಹೊತ್ತು ನನ್ನ ಬಾಗಿಲಲ್ಲೇ ಹಾರ್ನ್ ಯಾಕೆ ಹಾಕಿದೆ ಎಂದು ಹಿಡಿದು ಕೇಳಿದೆ. ಲೋಲಾಕ್ಷಿಯಕ್ಕ ದೀಪ ತೆಗೆದುಕೊಂಡು ಹೊರಗೆ ಬರುವವರೆಗೆ ಹೊರಡಬೇಡ ಎಂದು ನೆರೂಳಿನಿಂದ ಹರಿಶ್ಚಂದ್ರಣ್ಣ ಫೋನ್ ಮಾಡಿದ್ದರು ಎಂದ. ನಿನ್ನ ಹೆಸರು ಹೇಳಿಕೊಂಡು ಯಾರೋ ಆಟ ಆಡಿದ್ದಾರೆ ಅಣ್ಣ. ಮಾಪಣ್ಣನಿಗೆ ನಿನ್ನ ಸ್ವರ ಏನು ಗೊತ್ತು? ಜಾಗ್ರತೆಯಿಂದ ಇರು.

ಇದನ್ನು ಅಕ್ಕನಿಗೆ ಹೇಳಿದ್ದರೆ ನಾನಾಗಿ ಹೋದದ್ದಲ್ಲ ಎಂದು ಅವರಿಗೆ ತಿಳಿಯುತ್ತಿತ್ತು. ಬಾಯಿಯವರೆಗೆ ಬಂತು, ಹೇಳಲಿಲ್ಲ. ಅವರು ನಿನ್ನನ್ನೇ ತಪ್ಪು ತಿಳಿದುಕೊಂಡರೆ?

ಅಕ್ಕ ಇವತ್ತು ತಾವಾಗಿ ಮಾತಾಡಿದರು. ಕೋಪದಲ್ಲಿ ಅಲ್ಲ. ನಾನು ಯಾವತ್ತೂ ಯಾವ ಗುಂಪಿಗೂ ಸೇರಿದವಳಲ್ಲವಾದ್ದರಿಂದ, ನನ್ನ ಮೋರೆ ನೋಡಿ ಏಳೆಂಟು ಮನೆಯವರು ಶೇಟ್ರ ಕಡೆ ವಾಲಿದ್ದಾರಂತೆ. ನಾನು ದೇವರ ಆಣೆ, ನಿಮಗೇ ಓಟು ಎಂದೆ. ಅವರು ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ, "ನೀನು ದೇವ್ರಿಗೆ ಅಂತಲೇ ಹೋದದ್ದು, ಇರ್ಲಿ. ಓಟು ಹಾಕುವಾಗ ಪರದೆ ಹಿಂದೆ ನಾನು ಬರ್ಲಿಕ್ಕೆ ಆಗ್ತದಾ?" ಎಂದರು.

ಜ್ವರವೆಂದು ಮಲಗಿದರೆ ಆ ಮಾತು ಜೀವಮಾನವಿಡೀ ಹಾಗೆಯೇ ಉಳಿಯುತ್ತದೆ. ನಾನು ಹೋಗುತ್ತೇನೆ. ಪರದೆಯ ಹಿಂದೆ ಮಾಡಿದ್ದು ಅಕ್ಕನಿಗೆ ಗೊತ್ತಾಗುವ ಹಾಗೆ ಏನಾದರೂ ದಾರಿ ಇದ್ದರೆ ಕೂಡಲೇ ಬರೆ.

ಲೋಲಾಕ್ಷಿ


ನೆರೂಳ
೧೩ ಡಿಸೆಂಬರ್ ೨೦೨೫

ಲೋಲಾಕ್ಷಿ,

ನಿನ್ನ ಕಾಗದ ಈಗ ತಾನೇ ಸಿಕ್ಕಿತು. ಇದು ನಿನಗೆ ಸಿಗುವಾಗ ನಾಳೆಯದ್ದು ಮುಗಿದಿರುತ್ತದೆ. ಫೋನ್ ಎತ್ತಿದೆ, ನಿನ್ನ ಹೆಸರು ಒತ್ತಿದೆ, ಮತ್ತೆ ಇಟ್ಟೆ. ಬರೆಯುವುದೇ ಸುಲಭ.

ಯಾರೂ ನನ್ನ ಹೆಸರು ಹೇಳಿಕೊಂಡಿಲ್ಲ. ಮಾಪಣ್ಣನಿಗೆ ಫೋನ್ ಮಾಡಿದ್ದು ನಾನೇ.

ನಿನ್ನ ಮೊದಲ ಕಾಗದಕ್ಕೆ ನಾನು ಉತ್ತರ ಬರೆಯುವ ಮೊದಲು ಶೇಟ್ರು ಒಂದು ದಿನ ಗಲ್ಲೆಯ ಹತ್ತಿರ ಕುರ್ಚಿ ಎಳೆದು ಕೂತರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನಗೆ ಚಾ ತರಿಸಿದರು. "ನಿನ್ನ ತಂಗಿಯ ಮಾತು ನಮ್ಮವರು ಕೇಳ್ತಾರಂತೆ, ಹೌದಾ?" ಎಂದರು. ನಿನ್ನ ಓಟು ಅನಸೂಯಮ್ಮನಿಗೇ ಹೋಗುತ್ತದೆ, ಅದನ್ನು ಕೇಳಬಾರದು ಎಂದು ನಾನು ಹೇಳಿದೆ. ನಿಜವಾಗಿ ಹೇಳಿದೆ. ಓಟು ಬೇಡ, ಮೆರವಣಿಗೆಯಲ್ಲಿ ಒಮ್ಮೆ ಕಂಡರೆ ಸಾಕು ಎಂದರು ಅವರು. ಅದರಲ್ಲಿ ಏನು ತಪ್ಪು ಎಂದು ನನಗೂ ಅನಿಸಿತು. ನಾನು ನಿನ್ನ ಓಟು ಕೇಳಲಿಲ್ಲ, ದೀಪ ಮಾತ್ರ ಕೇಳಿದೆ. ಫ್ಲೆಕ್ಸ್ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅಲ್ಲ, ಫೋಟೋ ತೆಗೆಯುತ್ತಾರೆಂದು ಗೊತ್ತಿತ್ತು.

ಮ್ಯಾನೇಜರ್ ಕುರ್ಚಿಗೂ ಇದಕ್ಕೂ ಸಂಬಂಧ ಇದೆ.

ಈ ಕಾಗದವನ್ನು ಅನಸೂಯಮ್ಮನಿಗೆ ತೋರಿಸು. ನನ್ನ ಬಗ್ಗೆ ಅವರು ಏನು ಬೇಕಾದರೂ ತಿಳಿದುಕೊಳ್ಳಲಿ.

ಹರಿಶ್ಚಂದ್ರ


ಡೊಂಬಿವಲಿ ಪಶ್ಚಿಮ
೧೫ ಡಿಸೆಂಬರ್ ೨೦೨೫

ಅಣ್ಣ,

ನಿನ್ನಿಂದ ಉತ್ತರ ಬರಲಿಲ್ಲ. ಕಾದು ಕಾದು ನಾನೇ ದಾರಿ ಹುಡುಕಿದೆ. ಅದೇ ಅನರ್ಥವಾಯಿತು.

ನಮ್ಮ ಅಡುಗೆಮನೆಯ ಕ್ರಮ ನಿನಗೆ ಹೇಳಿದ್ದೇನೋ ಇಲ್ಲವೋ. ಭಿವಂಡಿಯ ಗೋದಾಮಿನ ಕೆಲಸದವರಿಗೆ ಹೋಗುವ ಚಪಾತಿಯನ್ನು ಐವತ್ತೈವತ್ತರ ಕಟ್ಟು ಮಾಡುತ್ತೇವೆ. ಪ್ರತಿ ಕಟ್ಟಿನೊಳಗೆ ಲಟ್ಟಿಸಿದವಳು ತನ್ನ ಹೆಸರು ಬರೆದು ಚೀಟಿ ಇಡಬೇಕು. ದೂರು ಬಂದರೂ ಹೊಗಳಿಕೆ ಬಂದರೂ ಸರಿಯಾದ ಕೈಗೆ ಬರಬೇಕು ಎಂದು ಅಕ್ಕನೇ ಮಾಡಿದ ನಿಯಮ. ಹೆಸರಿಲ್ಲದ ಕಟ್ಟನ್ನು ಅವರು ಹೊಸ್ತಿಲು ದಾಟಿಸುವುದಿಲ್ಲ. ಬರೆಯಲು ಬಾರದಿದ್ದ ಬಾಲಮ್ಮ ಕೂಡ ತನ್ನ ಹೆಸರು ಬರೆಯಲು ಕಲಿತದ್ದು ಹಾಗೆ.

ಶನಿವಾರ ಬೆಳ್ಳುಳ್ಳಿ ಸುಲಿಯುತ್ತಾ ಇದು ಹೊಳೆಯಿತು. ಓಟಿನ ಚೀಟಿಯಲ್ಲೂ ಗುರುತು ಹಾಕಿ ಕೆಳಗೆ ಹೆಸರು ಬರೆದರೆ ಆಯಿತಲ್ಲ, ಎಣಿಸುವಾಗ ಅಕ್ಕನ ಕಣ್ಣಿಗೆ ಬೀಳುತ್ತದೆ. ಬಾಲಮ್ಮನಿಗೆ ಮಾತ್ರ ಹೇಳಿದೆ. ಅವಳು, "ನಿನ್ನ ಹೆಸರು ಇದ್ದು ನನ್ನದು ಇಲ್ಲದಿದ್ರೆ ನಾನು ಶೇಟ್ರಿಗೆ ಹಾಕಿದ್ದು ಅಂತ ಆಗ್ತದೆ" ಎಂದಳು. ಆ ಮಾತು ಐದೂ ಜನರ ಕಿವಿಗೆ ಹೋಯಿತು. ನನಗಾದದ್ದನ್ನು ನೋಡಿ ಎಲ್ಲರಿಗೂ ಭಯ. ಕೊನೆಗೆ ಐದೂ ಜನ ಹೆಸರು ಬರೆಯುವುದೆಂದು ಮಾತಾಯಿತು.

ನಿನ್ನೆ ಶಾಲೆಯ ಹಾಲಿನಲ್ಲಿ ಬೆಡ್‌ಶೀಟ್ ಕಟ್ಟಿ ಪರದೆ ಮಾಡಿದ್ದರು. ನಾನು ಅನಸೂಯಕ್ಕನ ಹೆಸರಿನ ಮುಂದೆ ಗುರುತು ಹಾಕಿ, ಕೆಳಗೆ ಲೋಲಾಕ್ಷಿ ಎಂದು ಬರೆದೆ. ಇಷ್ಟು ದುಂಡಗೆ ಯಾವತ್ತೂ ಬರೆದವಳಲ್ಲ. ಹೊರಗೆ ಬಂದಾಗ ಹದಿನೈದು ದಿನದಲ್ಲಿ ಮೊದಲ ಸಲ ಹಸಿವಾಯಿತು.

ಸಂಜೆ ನಾಲ್ಕಕ್ಕೆ ಎಣಿಕೆ. ನಾವೆಲ್ಲ ಕಿಟಕಿಯಲ್ಲಿ ನಿಂತಿದ್ದೆವು. ಠಾಣೆಯಿಂದ ಬಂದ ಪಕ್ಷದ ಮನುಷ್ಯ ಒಂದು ಚೀಟಿ ಎತ್ತಿ ತಿರುಗಿಸಿ ಮುರುಗಿಸಿ ನೋಡಿದ. ಕೆಳಗೆ ಏನು ಬರೆದಿದೆ ಎಂದು ಹಿಂದಿಯಲ್ಲಿ ಕೇಳಿದ. ಅವನಿಗೆ ಕನ್ನಡ ಬಾರದು. ಶೇಖರ ಶೇಟ್ರು ಬಗ್ಗಿ ನೋಡಿ ಗಟ್ಟಿಯಾಗಿ ಓದಿದರು, "ಲೋಲಾಕ್ಷಿ." ಓದಿ ಕಿಟಕಿಯ ಕಡೆ ತಿರುಗಿದರು. ನಗಲಿಲ್ಲ.

ಹೆಸರು ಬರೆದರೆ ಗುಟ್ಟು ಉಳಿಯುವುದಿಲ್ಲ, ಅಂಥ ಚೀಟಿ ರದ್ದು ಎಂದು ಆ ಮನುಷ್ಯ ಬದಿಗೆ ಇಟ್ಟ. ಆಮೇಲೆ ಬಾಲಮ್ಮನದು. ಆಮೇಲೆ ಇನ್ನೆರಡು. ಮುಂದಿನದನ್ನು ನಾನು ನೋಡಲಿಲ್ಲ, ಗೋಡೆಗೆ ತಿರುಗಿ ನಿಂತಿದ್ದೆ. ಮೈಕಿನಲ್ಲಿ ಹೇಳಿದರು: ಶೇಖರ ನೂರ ಹದಿನೈದು, ಅನಸೂಯಾ ನೂರ ಹನ್ನೊಂದು, ರದ್ದು ಐದು.

ಬಾಲಮ್ಮ ಬೆರಳು ಮಡಚಿ ಎಣಿಸಿದಳು. ನಾನು ಎಣಿಸಬೇಡ ಎಂದು ಅವಳ ಕೈ ಹಿಡಿದೆ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗುವುದೋ ಬೇಡವೋ ಎಂದು ಎರಡು ಸಲ ಚಪ್ಪಲಿ ಹಾಕಿ ಬಿಚ್ಚಿದೆ. ಹೋದೆ. ಅಕ್ಕ ಬೆಳ್ಳುಳ್ಳಿಯ ಬುಟ್ಟಿಯನ್ನು ತಾವೇ ಎತ್ತಿ ಆಚೆ ಇಟ್ಟು, ವಾರಿಜಾಳ ಕೈಯಿಂದ ಲಟ್ಟಣಿಗೆ ತೆಗೆದು ನನಗೆ ಕೊಟ್ಟರು. "ಈಗ ನಂಬಿಕೆ ಬಂತು ಲೋಲಾಕ್ಷಿ. ಸಾಕಾ?" ಎಂದರು.

ಅದು ಪ್ರೀತಿಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ಅವರ ಕಣ್ಣು ಊದಿತ್ತು. ಹಿಟ್ಟು ಗಟ್ಟಿಯಾಗಿದೆ, ನೀರು ಹಾಕು ಎಂದರು. ನಾನು ನೀರು ಹಾಕಿದೆ.

ಲೋಲಾಕ್ಷಿ


ಡೊಂಬಿವಲಿ ಪಶ್ಚಿಮ
೧೮ ಡಿಸೆಂಬರ್ ೨೦೨೫

ಅಣ್ಣನಿಗೆ ನಮಸ್ಕಾರ.

ನಿನ್ನ ಹದಿಮೂರರ ಕಾಗದ ಮಂಗಳವಾರ ಬಂತು. ಮೊದಲು ನಿಂತು ಓದಿದೆ, ಆಮೇಲೆ ಕೂತು ಓದಿದೆ. ಇವರಿಗೆ ತೋರಿಸಲಿಲ್ಲ.

ನನ್ನ ದೀಪ ಮಾತ್ರ ಕೇಳಿದೆ ಎಂದು ಬರೆದಿದ್ದಿ. ನೀನು ಕೇಳಲೇ ಇಲ್ಲ ಅಣ್ಣ. ದೇವರ ಕೆಲಸ ಎಂದೆ, ಅಮ್ಮ ಮಾಡುತ್ತಿದ್ದದ್ದು ಎಂದೆ. ಶೇಟ್ರಿಗಾಗಿ ಎಂದು ಕೇಳಿದ್ದರೆ ನಾನು ಇಲ್ಲ ಎನ್ನುತ್ತಿದ್ದೆ. ಅದು ನಿನಗೂ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಮಾಪಣ್ಣ ಹೇಳಿದ ದಿನ ನನಗೂ ಗೊತ್ತಾಗಿತ್ತೋ ಏನೋ. ಯಾರೋ ನಿನ್ನ ಹೆಸರು ಹೇಳಿಕೊಂಡಿದ್ದಾರೆ ಎಂದು ಬರೆದ ಸಾಲನ್ನು ಇನ್ನೊಮ್ಮೆ ಓದದೆ ಕಾಗದ ಅಂಟಿಸಿದ್ದೆ.

ನಿನ್ನ ಕಾಗದವನ್ನು ಅಕ್ಕನಿಗೆ ತೋರಿಸಲಿಲ್ಲ. ಈಗ ತೋರಿಸಿ ಏನು? ನನ್ನ ಮೇಲೆ ನಂಬಿಕೆ ಬಂದಾಗಿದೆ. ಅದಕ್ಕೆ ತೆರಬೇಕಾದ ಬೆಲೆಯನ್ನು ಅವರು ಕೊಟ್ಟೂ ಆಗಿದೆ. ನೀನು ಮ್ಯಾನೇಜರ್ ಕುರ್ಚಿಯಲ್ಲಿ ಕೂತುಕೋ, ಬೇಡವೆಂದು ಹಠ ಮಾಡಬೇಡ. ನೀನು ಬಿಟ್ಟರೆ ಅಕ್ಕನಿಗೇನು ಟಿಕೆಟ್ ಸಿಗುತ್ತದೆಯೇ? ನಾನು ಅಲ್ಲಿಗೆ ಚಾ ಕುಡಿಯಲು ಸದ್ಯಕ್ಕೆ ಬರುವುದಿಲ್ಲ, ಅಷ್ಟೇ. ಸಿಟ್ಟೆಂದು ತಿಳಿಯಬೇಡ. ಸಿಟ್ಟೇ ಇರಬಹುದು, ಗೊತ್ತಿಲ್ಲ.

ಮಂಡಳಿಯಲ್ಲಿ ಈ ಶನಿವಾರ ಭಜನೆ ಇಲ್ಲವಂತೆ. ಹಾರ್ಮೋನಿಯಂ ಒಂದು ಕಡೆಯವರ ಮನೆಯಲ್ಲಿದೆ, ತಾಳಗಳು ಇನ್ನೊಂದು ಕಡೆಯವರಲ್ಲಿ.

ಈಗ ಒಂದೇ ಒಂದು ಕೆಲಸ ನಿನ್ನಿಂದ ಆಗಬೇಕು. ನಿನ್ನೆ ವಾರಿಜಾ ಮೂಲೆಗೆ ಕರೆದು ಹೇಳಿದಳು, ಅವಳು ಹೆಸರು ಬರೆಯಲಿಲ್ಲವಂತೆ. ಪೆನ್ನು ಎತ್ತಿದ ಮೇಲೆ ಹೆದರಿಕೆಯಾಗಿ, ಅಕ್ಕನಿಗೆ ಗುರುತು ಮಾತ್ರ ಹಾಕಿ ಬಂದಳಂತೆ. ಮಗುವಿನ ತಲೆಯ ಮೇಲೆ ಕೈಯಿಟ್ಟು ಹೇಳಿದಳು. ಹಾಗಾದರೆ ನಮ್ಮವರ ಚೀಟಿ ರದ್ದಾದದ್ದು ನಾಲ್ಕು. ಬಾಲಮ್ಮನೂ ನಾಲ್ಕೇ ಚೀಟಿ ಬದಿಗಿಟ್ಟದ್ದನ್ನು ನೋಡಿದ್ದಾಳಂತೆ. ಆದರೆ ಮೈಕಿನಲ್ಲಿ ಐದು ಎಂದದ್ದು ನನ್ನ ಕಿವಿಯಲ್ಲೇ ಇದೆ. ಆ ಐದನೆಯದು ಯಾರದು, ಅದೂ ಅಕ್ಕನಿಗೆ ಹಾಕಿದ್ದೋ, ಅಥವಾ ಅಂಥ ಚೀಟಿಯೇ ಇಲ್ಲವೋ?

ನಾನು ರಾಶಿ ರಾಶಿ ಕಡಲೆಬೇಳೆ ಇಟ್ಟು ಲೆಕ್ಕ ಮಾಡಿ ನೋಡಿದೆ. ರದ್ದಾದ ಐದೂ ಅಕ್ಕನಿಗೆ ಹಾಕಿದ್ದಾಗಿದ್ದರೆ ಅವರಿಗೆ ನೂರ ಹದಿನಾರು, ಗೆದ್ದಂತೆ. ಆಗ ಅವರನ್ನು ಸೋಲಿಸಿದ್ದು ನಾನು. ನಾಲ್ಕೇ ಆಗಿದ್ದರೆ ಇಬ್ಬರಿಗೂ ನೂರ ಹದಿನೈದು, ಸಮ. ಸಮವಾದರೆ ಡಬ್ಬದಲ್ಲಿ ಎರಡು ಹೆಸರು ಹಾಕಿ ಒಂದನ್ನು ಎತ್ತುವುದೆಂದು ಮೊದಲೇ ಹೇಳಿದ್ದರು. ಎತ್ತಿದರೆ ಯಾರ ಹೆಸರು ಬರುತ್ತಿತ್ತೋ, ಅದನ್ನು ಯಾರು ಹೇಳುತ್ತಾರೆ? ಅಷ್ಟು ಅನುಮಾನವಾದರೂ ಉಳಿದರೆ ನಾನು ಲಟ್ಟಣಿಗೆ ಹಿಡಿದು ಅಕ್ಕನ ಪಕ್ಕ ಕೂರಬಹುದು.

ಎಣಿಕೆಯ ಕಾಗದದ ಒಂದು ಪ್ರತಿ ಗೆದ್ದವರಿಗೆ ಕೊಟ್ಟಿದ್ದಾರೆ, ನಿನ್ನ ಶೇಟ್ರ ಹತ್ತಿರ ಇದ್ದೇ ಇರುತ್ತದೆ. ಹೇಗಾದರೂ ಮಾಡಿ ಕಣ್ಣಾರೆ ನೋಡು, ಅವರ ಬಾಯಿಮಾತು ನಂಬಬೇಡ. ರದ್ದಾದ ಚೀಟಿ ಐದೋ ನಾಲ್ಕೋ, ಒಮ್ಮೆ ನೋಡಿದ ಮೇಲೆ ಇನ್ನೊಮ್ಮೆ ನೋಡಿ ನನಗೆ ಬರೆ.

ಲೋಲಾಕ್ಷಿ